ಖಾಲಿ ಕಾಗದಕ್ಕೆ ನಿಮ್ಮ ತಾತ ಹಾಕಿದ ಸೈನು

ಬರೀ ಸೈನ್ ತಾನೆ ಅಣ್ಣ, ಅಂದ್ನಂತೆ ಅವ್ನು ನಿಮ್ಮ ತಾತಂಗೆ, ಅದೂ ನಾನಿಲ್ದಿರೋ ಹೊತ್ತು ನೋಡ್ಕೊಂಡು. ನಾನು ಔಷ್ದಿ ತರಕ್ಕೆ ಅಂತ ಕೆಳಗಿಳ್ದಿದ್ದೆ, ಹಾಸನದ ಆಸ್ಪತ್ರೇಲಿ, ನಾಕ್ನೇ ದಿನವೋ ಏನೋ, ಅಲ್ಲ ಅಲ್ಲ, ಮೂರ್ನೇ ದಿನ, ಯಾಕಂದ್ರೆ ಕಾಲಿನ ಆಪ್ರೇಸನ್ನು ಇನ್ನೂ ಆಗಿರ್ನಿಲ್ಲ. ನಿಮ್ಗೆ ಗೊತ್ತಲ್ಲ, ನಿಮ್ಮ ತಾತ ತೆಂಗಿನ ಮರ ಅತ್ತೋರು. ಚನ್ನರಾಯಪಟ್ಟಣದ ಸುತ್ತ ಯಾವ ತ್ವಾಟದಲ್ಲಿ ಕಾಯಿ ಕೀಳ್ಬೇಕಂದ್ರೂ ಇವ್ರಿಗೇ ಏಳಿ ಕಳಿಸ್ತಿದ್ರು. ಅಷ್ಟು ವರ್ಷ ಮರ ಅತ್ತಿ ಇಳ್ದ ಮನ್ಸ, ಒಂದಿನ ಜಾರ್ನಿಲ್ಲ, ಒಂದಿನ ತರಚ್ಕೊಳ್ನಿಲ್ಲ. ಕಡೀಗೆ ಬಿದ್ದಿದ್ದು ನೆಲದ ಮೇಲೆ. ಸಾಯಂಕಾಲ ಸೈಕಲ್ಲಲ್ಲಿ ಒಳೇನರಸೀಪುರದ ರೋಡಲ್ಲಿ ಮನೆಗೆ ಬತ್ತಾವ್ರೆ, ಹಿಂದ್ಲಿಂದ ಒಂದು ಲಗ್ಗೇಜ್ ಟೆಂಪೋ ಬಂದು ಗುದ್ಬುಡ್ತು. ಬಲಗಾಲಿನ ತೊಡೆ ಮುರ್ದೋಯ್ತು, ಪಾದದ ಗೆಣ್ಣು ಪುಡಿ ಪುಡಿ. ಡಾಕ್ಟ್ರು ಏಳಿದ್ರು, ನಡೀಬೋದಮ್ಮ, ಆದ್ರೆ ಮರ ಅತ್ತೋದು ಮರ್ತುಬುಡಿ ಅಂತ. ಅದನ್ನ ಕೇಳ್ಕೊಂಡು ನಾನು ಔಷ್ದಿ ಅಂಗಡಿ ಮುಂದೆ ನಿಂತಿದ್ದೆ, ಕೈಯಲ್ಲಿ ಚೀಟಿ ಇಟ್ಕೊಂಡು, ನನ್ನ ಸರದಿ ಬಂದೋದದ್ದೂ ಗೊತ್ತಾಗ್ನಿಲ್ಲ ನಂಗೆ. ವಾಪಸ್ ಮೇಲಕ್ಕೋದ್ರೆ ನಿಮ್ಮ ತಾತನ ಮಂಚದ ಪಕ್ಕದ ಸ್ಟೂಲಿನ ಮೇಲೆ ಒಬ್ಬ ಕೂತವ್ನೆ.

ಬಿಳೀ ಸಲ್ಟು, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು, ಬಾಯಿ ತುಂಬ ನಗು. ರಾಜಣ್ಣ ಅಂತ ಎಸ್ರು. ಕೈಯಲ್ಲಿ ಏನ್ ತಂದಿದ್ದ ಗೊತ್ತಾ, ಎಳನೀರು. ತೆಂಗಿನ ಮರ ಅತ್ತಿ ಕಾಲು ಕಳ್ಕೊಂಡೋರಿಗೆ, ಅಲ್ಲ, ಮರದಿಂದ ಕಳ್ಕೊಳ್ನಿಲ್ಲ, ಅಂಗಂದ್ರೆ ನಿಮ್ಮ ತಾತಂಗೆ ಸಿಟ್ಟು ಬತ್ತದೆ, ಅಂತೂ ಎಳನೀರು. ಬನ್ನಿ ಗೌರಮ್ಮ ಕೂತ್ಕೊಳಿ ಅಂದ. ನನ್ನ ಎಸ್ರು ಇವ್ನಿಗೆ ಯಾರೇಳಿದ್ರು? ನಾನು ಇವ್ನ ಮಖ ಯಾವತ್ತೂ ನೋಡಿರ್ನಿಲ್ಲ. ಊರಿನ ಎಸ್ರು ಗೊತ್ತು, ಟೆಂಪೋ ನಂಬ್ರು ಗೊತ್ತು, ನಾನು ಸ್ಕೂಲಲ್ಲಿ ಬಿಸಿಯೂಟ ಮಾಡ್ತೀನಿ ಅನ್ನೋದೂ ಗೊತ್ತು. ಪೋಲೀಸ್ನೋರು ಇನ್ನೂ ಬಂದು ಬರ್ಕೊಂಡೋಗಿರ್ನಿಲ್ಲ ಕಣ್ರವ್ವ, ಇವ್ನು ಅಷ್ಟೊತ್ತಿಗೆ ಬಂದು ಕೂತವ್ನೆ. ಯಾರಪ್ಪ ನೀನು ಅಂದೆ. "ನಾನು ಸಾಯ ಮಾಡೋನಮ್ಮ. ಹಾಸನದಲ್ಲಿ ನಮ್ಮ ದೊಡ್ಡ ಲಾಯರ್ ಸಾಹೇಬ್ರವ್ರೆ, ಆಕ್ಸಿಡೆಂಟ್ ಕೇಸಲ್ಲಿ ಅವ್ರ ಮುಂದೆ ಯಾರೂ ಇಲ್ಲ. ಇನ್ಶೂರೆನ್ಸ್ ಕಂಪ್ನಿಯಿಂದ ನಿಮ್ಗೆ ಪರಿಹಾರ ಕೊಡುಸ್ತಾರೆ. ಇವಾಗ ನೀವು ಒಂದು ಪೈಸಾ ಕೊಡಂಗಿಲ್ಲ." ಸರಿ, ಆಮೇಲೆ ಎಷ್ಟು ಕೊಡ್ಬೇಕು ಅಂದೆ. "ಅದೆಲ್ಲ ಆಮೇಲಿಂದು ಬುಡಿ ಅಮ್ಮ, ನಾವೇನು ಬೇರೆಯೋರಾ" ಅಂದ. ಆಸ್ಪತ್ರೇಲಿ ಅರ್ಧ ಗಂಟೆ ಕೂತಿದ್ದಕ್ಕೇ ಬೇರೆಯೋರಲ್ಲ ಆಗ್ಬುಟ್ಟ. ಅವ್ನು ಎದ್ದೋದ್ಮೇಲೆ ನೋಡ್ತೀನಿ, ನಿಮ್ಮ ತಾತನ ಬೆರಳಿಗೆಲ್ಲ ಪೆನ್ನಿನ ಮಸಿ. ಏನು ಇದು ಅಂದೆ. ಸೈನ್ ಆಕ್ದೆ ಅಂದ್ರು. ಏನುಕ್ಕೆ? ಕೇಸ್ಗೆ. ಎಷ್ಟು ಕಡೆ? ಐದಾರು ಕಡೆ. ಓದಿದ್ರಾ? ಎರಡ್ರಲ್ಲಿ ಏನೂ ಬರ್ದಿರ್ನಿಲ್ಲ ಕಣೆ, ಏನ್ ಓದ್ಲಿ ಅಂದ್ರು. ನಾನು ತಲೆ ಮೇಲೆ ಕೈ ಇಟ್ಕೊಂಡು ಕೂತೆ. ಪಾಪ, ಎಳನೀರು ತಂದಿದ್ದ ಕಣೆ, ಅಂದ್ರು ನಿಮ್ಮ ತಾತ.

ಇದೇ ನಮ್ಮಿಬ್ಬರ ಜಗಳ ಯಾವಾಗ್ಲೂ. ಅವ್ರು ಎಲ್ಲಾರ್ನೂ ನಂಬ್ತಿದ್ರು, ನಾನು ಯಾರ್ನೂ ನಂಬ್ತಿರ್ನಿಲ್ಲ. ನಮ್ಮಪ್ಪ ಅರಕಲಗೂಡು ಕಡೆ ಯಾರೋ ತಂದ ಕಾಗದಕ್ಕೆ ಎಬ್ಬೆಟ್ಟು ಒತ್ತಿ ಇದ್ದ ಒಂದು ತುಂಡು ಒಲ ಕಳ್ಕೊಂಡ, ಅದನ್ನ ನೋಡ್ಕೊಂಡು ಬೆಳ್ದೋಳು ನಾನು. ಅದುಕ್ಕೇ ನಮ್ಮವ್ವ ಅಟ ಮಾಡಿ ನನ್ನ ಏಳ್ನೇ ಕ್ಲಾಸ್ವರ್ಗೂ ಓದ್ಸಿದ್ದು. ನಗ್ಬ್ಯಾಡ ಕಣೆ ಭಾಗ್ಯ, ನೀನು ಡಿಗ್ರಿ ಮಾಡಿರ್ಬೋದು, ಆದ್ರೆ ನಿನ್ನ ಫೋನಲ್ಲಿ ಒಪ್ಪಿಗೆ ಕೇಳ್ದಾಗ ಓದ್ದೇನೇ ಒತ್ತೋದ ನಾನೂ ನೋಡಿವ್ನಿ.

ಆಮೇಲೆ ಏನಾಯ್ತು, ಎರಡು ವರ್ಷ ಏನೂ ಆಗ್ನಿಲ್ಲ. ಎರಡೂವರೆ ಅನ್ನಿ. ಆ ರಾಜಣ್ಣ ಒಂದ್ಸಲ ಮನೆಗೆ ಬಂದು ಎಕ್ಸ್‌ರೇ, ಆಸ್ಪತ್ರೆ ಬಿಲ್ಲು, ಡಿಸ್ಚಾರ್ಜ್ ಚೀಟಿ ಎಲ್ಲಾ ಒರಿಜಿನಲ್ಲು ತಗೊಂಡೋದ. ಒಂದು ಜೆರಾಕ್ಸಾದ್ರೂ ಮಾಡ್ಸ್ಕೊಂಡು ಬತ್ತೀನಿ ಇರಪ್ಪ ಅಂದೆ, ನಿಮ್ಮ ತಾತ ನನ್ನೇ ಗದರ್ಸಿದ್ರು. ನಾನು ಎರಡು ತಿಂಗ್ಳಿಗೋ ಮೂರು ತಿಂಗ್ಳಿಗೋ ಸ್ಕೂಲಿಗೆ ರಜ ಆಕಿ ಹಾಸನಕ್ಕೋಗಿ ಆ ಲಾಯರ್ ಆಫೀಸಿನ ಬೆಂಚಿನ ಮೇಲೆ ಕೂರ್ತಿದ್ದೆ. ಗ್ಲಾಸಿನ ಬಾಗ್ಲು, ಒಳಗೆ ತಣ್ಣಗೆ ಗಾಳಿ. ಒಳಕ್ಕೆ ಕರುದ್ರೆ ಆವಯ್ಯ ತಲೆ ಎತ್ತಿ ನೋಡ್ತಿರ್ನಿಲ್ಲ. "ಡೇಟ್ ಹೋಗಿದೆ, ಮುಂದಿನ ಡೇಟಿಗೆ ನೋಡೋಣ." ಸಾ, ಕೋರ್ಟಿಗೆ ಏನು ಬರ್ದಿದ್ದೀರಿ, ಅದರದ್ದೊಂದು ಕಾಪಿ ಕೊಡಿ ಸಾ, ಅಂದೆ ಒಂದ್ಸಲ. ಆಗ ತಲೆ ಎತ್ತಿದ್ರು ನೋಡಿ. "ನಿನಗೆ ಓದಕ್ಕೆ ಬರತ್ತೇನಮ್ಮ?" ಬತ್ತದೆ ಸಾ, ಏಳ್ನೇ ಕ್ಲಾಸು ಓದಿವ್ನಿ. "ಹಾಗಾದರೆ ನೀನೇ ವಾದ ಮಾಡು ಹೋಗು" ಅಂದು ಇನ್ನೊಬ್ಬರ ಫೈಲು ತೆಗುದ್ರು. ಆವತ್ತು ಬಸ್ಸಲ್ಲಿ ಬರೋವಾಗ ಯೋಚ್ನೆ ಮಾಡ್ತಾ ಬಂದೆ. ನನ್ನ ಗಂಡನ ಕಾಲಿಂದು ಕೇಸು. ಅದರಲ್ಲಿ ಏನು ಬರ್ದವ್ರೆ ಅಂತ ನಾನು ಕೇಳಿದ್ರೆ ಇವ್ರಿಗ್ಯಾಕೆ ಕೋಪ ಬರ್ಬೇಕು? ಬಚ್ಚಿಡೋಕೆ ಏನೂ ಇಲ್ದೋರು ಕಾಪಿ ಕೊಡೋಕೆ ಯಾಕೆ ಇಂದುಮುಂದು ನೋಡ್ತಾರೆ? ಮನೇಲಿ ನಿಮ್ಮ ತಾತ ಅಷ್ಟೊತ್ತಿಗೆ ಕೋಲು ಊರ್ಕೊಂಡು ಓಡಾಡ್ತಿದ್ರು, ಜಗ್ಲಿ ಮೇಲೆ ಕೂತು ತೆಂಗಿನ ಗರಿ ಸೀಳಿ ಪೊರಕೆ ಕಟ್ಟೋರು. ಒಂದೊಂದ್ಸಲ ಕೆಲ್ಸ ನಿಲ್ಸಿ ಸುಮ್ನೆ ಮರದ ತಲೆ ನೋಡ್ತಾ ಕೂತ್ಬುಡೋರು.

ಅಂಗಿರೋವಾಗ ಒಂದಿನ ರಾಜಣ್ಣನ ಫೋನು. ಕೇಸು ಮುಗಿಯಂಗೈತೆ, ಚನ್ನರಾಯಪಟ್ಟಣಕ್ಕೆ ಇಬ್ರೂ ಬನ್ನಿ, ಬ್ಯಾಂಕಲ್ಲಿ ಒಸ ಅಕೌಂಟು ತೆಗೀಬೇಕು. ಅಲ್ಲಿಗೋದ್ವಿ. ಅಕೌಂಟ್ ಆಯ್ತು. ಚೆಕ್ ಬುಕ್ಕು ಬಂದ ದಿನ ಮತ್ತೆ ಕರುಸ್ಕೊಂಡ. ಬ್ಯಾಂಕಿನ ಜಗ್ಲಿ ಮೇಲೆ ಕೂರ್ಸಿ, ಅಣ್ಣ, ಈ ನಾಕು ಚೆಕ್ಕಿಗೆ ಸೈನ್ ಆಕ್ಬುಡಿ, ಆಫೀಸಲ್ಲಿರ್ಲಿ ಅಂದ. ಎಷ್ಟು ಅಂತ ಬರ್ದಿಲ್ವಲ್ಲ ಅಂದೆ. ಆಮೇಲೆ ಬರ್ಕೋತೀವಿ ಅಂದ. ನಿಮ್ಮ ತಾತ ಆಗ್ಲೇ ಪೆನ್ನು ಇಸ್ಕೊಂಡ್ರು. ನಾನು ಅವ್ರ ಕೈ ಇಡ್ಕೊಂಡೆ. ಯಾವ ಲೆಕ್ಕದಲ್ಲಿ ಬರ್ಕೋತೀಯಪ್ಪ, ಅದನ್ನೇಳು ಮೊದ್ಲು ಅಂದೆ. ಅವ್ನಿಗೂ ರೇಗೋಯ್ತು ಅಂತ ಕಾಣ್ತದೆ. ಫೈಲಿಂದ ಒಂದು ಛಾಪಾ ಕಾಗದ ತೆಗ್ದು, ನೋಡಮ್ಮ, ನಿಮ್ಮೆಜಮಾನ್ರೇ ಒಪ್ಕೊಂಡು ಸೈನ್ ಆಕವ್ರೆ ಅಂತ ಮಖದ ಮುಂದೆ ಇಡುದ. ಅದನ್ನ ಇಸ್ಕೊಂಡು ಓದ್ದೆ. ನಿಧಾನಕ್ಕೇ ಓದ್ದೆ, ನಂಗೆ ಬಿರಬಿರನೆ ಓದಕ್ಕೆ ಬರಾಕಿಲ್ಲ, ಆದ್ರೆ ಒಂದಕ್ಷರ ಬುಡಾಕಿಲ್ಲ. ಬರುವ ಪರಿಹಾರದ ಹಣದಲ್ಲಿ ನೂರಕ್ಕೆ ನಲವತ್ತು ಭಾಗವನ್ನು ವಕೀಲರ ಫೀಜಾಗಿ ಕೊಡಲು ಸ್ವಸಂತೋಷದಿಂದ ಒಪ್ಪಿರುತ್ತೇನೆ, ಖರ್ಚುವೆಚ್ಚ ಪ್ರತ್ಯೇಕ. ಸ್ವಸಂತೋಷದಿಂದ ಅಂತೆ. ಕೆಳಗೆ ನಿಮ್ಮ ತಾತನ ಸೈನು, ನೀಲಿ ಪೆನ್ನಿಂದು. ಟೈಪ್ ಮಾಡಿರೋ ಕಡೇ ಸಾಲು ಆ ಸೈನಿನ ತಲೆ ಮೇಲೆ ಅತ್ತಿ ಕೂತಿತ್ತು, ಜಾಗ ಸಾಲ್ದೆ. ಸೈನು ಮೊದ್ಲು, ಬರಹ ಆಮೇಲೆ ಅನ್ನೋಕೆ ಇನ್ನೇನು ಬೇಕು? ನಾನು ನಿಮ್ಮ ತಾತನ ಕಡೆ ತಿರುಗ್ಸಿ ತೋರ್ಸಿದೆ. ಆಸ್ಪತ್ರೇಲಿ ನೀವು ಸೈನ್ ಆಕ್ದಾಗ ಇದು ಇತ್ತಾ? ಅವ್ರು ಬಾಳೊತ್ತು ನೋಡಿದ್ರು. ಇರ್ನಿಲ್ಲ, ಅಂದ್ರು, ಮೆಲ್ಲಗೆ.

ಚೆಕ್ಕಿಗೆ ಸೈನ್ ಆಕಾಕಿಲ್ಲ ಅಂತ ಎದ್ದೆ. ರಾಜಣ್ಣ ಕೂಗಾಡ್ನಿಲ್ಲ, ನಗ್ತಾನೇ ಏಳ್ದ, ಅದೇ ನಂಗೆ ಎಚ್ಚು ಭಯ ಆಗಿದ್ದು. "ಸರಿ ಅಮ್ಮ, ನಿಮ್ಮಿಷ್ಟ. ಸಾಹೇಬ್ರು ಕೋರ್ಟಿಗೋಗಲ್ಲ. ಕೇಸು ವಜಾ ಆಗ್ತದೆ. ಆಮೇಲೆ ನನ್ನ ಅನ್ಬ್ಯಾಡಿ." ಬಸ್ಸು ಊರು ಅತ್ರ ಬಂದ್ಮೇಲೆ ನಿಮ್ಮ ತಾತ, ನಲ್ವತ್ತು ಓದ್ರೆ ಅರವತ್ತಾದ್ರೂ ಬತ್ತಿತ್ತಲ್ಲೇ, ನಿನ್ನ ಅನುಮಾನಕ್ಕೆ ಅದೂ ಓಯ್ತು ಅಂದ್ರು. ನಂಗೂ ಗ್ಯಾರಂಟಿ ಇರ್ನಿಲ್ಲ ಕಣ್ರವ್ವ. ಅವ್ರು ಏಳಿದ್ದೇ ಸರಿಯೇನೋ ಅನ್ಸ್ತು. ಒಂದು ವಾರ ನಂಗೆ ಅನ್ನ ಸೇರ್ನಿಲ್ಲ.

ನಮ್ಮ ಸ್ಕೂಲಿನ ದೊಡ್ಡ ಮೇಡಮ್ಮು ನನ್ನ ಮಖ ನೋಡಿ ಕೇಳಿದ್ರು, ಏಳ್ಕೊಂಡೆ. ಕೋರ್ಟಲ್ಲೇ ಬಡವ್ರಿಗೆ, ಎಂಗಸ್ರಿಗೆ, ಅಂಗವಿಕಲ್ರಿಗೆ ಬಿಟ್ಟಿ ಕಾನೂನು ಏಳೋ ಆಫೀಸೈತೆ, ಓಗಿ ಕೇಳು ಗೌರಮ್ಮ ಅಂದ್ರು. ಒಳೇನರಸೀಪುರದ ಕೋರ್ಟಿಗೋದೆ. ಬಾಗ್ಲಲ್ಲೇ ಬೋರ್ಡು. ಒಳಗೆ ಕೂತಿದ್ದೋರು ಎಲ್ಲಾ ಕೇಳಿ ಬಿಡ್ಸಿ ಬಿಡ್ಸಿ ಏಳಿದ್ರು. "ಅಮ್ಮ, ಲಾಯರು ಬರೋ ಪರಿಹಾರದಲ್ಲಿ ಪಾಲು ಕೇಳಂಗಿಲ್ಲ, ಅದು ಅವರ ನಿಯಮಕ್ಕೇ ವಿರುದ್ಧ. ನಿಮಗೆ ಬೇಡ ಅನ್ನಿಸಿದರೆ ಲಾಯರನ್ನ ಯಾವಾಗ ಬೇಕಾದರೂ ಬದಲಾಯಿಸಬಹುದು. ನಿಮ್ಮ ಕಾಗದ ಪತ್ರ ನಿಮ್ಮದು, ಫೀಜು ಬಾಕಿ ಅಂತ ಅವರು ಇಟ್ಟುಕೊಳ್ಳೋ ಹಾಗಿಲ್ಲ. ಒಂದು ಅರ್ಜಿ ಬರೀರಿ, ನಾವೇ ಬಿಟ್ಟಿಯಾಗಿ ಬೇರೆ ಲಾಯರ್ ಕೊಡ್ತೀವಿ." ಎಂಥಾ ಮಾತು ನೋಡಿ. ಕೈ ಮುಗೀಬೇಕಿತ್ತು ನಾನು. ನಾನೇನ್ ಮಾಡ್ದೆ? ಬಿಟ್ಟಿ ಅಂದಿದ್ದೇ ತಡ, ನಂಗೆ ಆ ರಾಜಣ್ಣ ಗ್ಯಾಪ್ಕ ಬಂದ. ಅವ್ನೂ ಬಿಟ್ಟಿ ಅಂತಾನೇ ಬಂದಿದ್ದ, ಎಳನೀರು ಇಡ್ಕೊಂಡು. ಬ್ಯಾಡ ಸಾ, ಕಾಸು ಕೊಟ್ಟೇ ಇಟ್ಕೊತೀನಿ ಅಂದ್ಬುಟ್ಟೆ. ದಡ್ಡತನ ಕಣ್ರವ್ವ, ಅದು ಸರ್ಕಾರದ್ದು, ನ್ಯಾಯವಾದ್ದು, ನನ್ನ ಅಕ್ಕು. ನನ್ನ ಅನುಮಾನಕ್ಕೆ ನಾನೇ ತೆತ್ತ ತೆರಿಗೆ ಅನ್ಕೊಳಿ ಅದನ್ನ.

ಅಲ್ಲೇ ಕೋರ್ಟಿನ ಅತ್ರ ಸುಮಿತ್ರಮ್ಮ ಅಂತ ಒಬ್ರು ಲಾಯರಮ್ಮ, ಅರಕಲಗೂಡಿನೋರು, ದಿನಾ ಬಸ್ಸಲ್ಲಿ ಬಂದೋಗೋರು. ಗ್ಲಾಸಿನ ಬಾಗ್ಲಿಲ್ಲ, ಎರಡು ಕುರ್ಚಿ ಒಂದು ಟೇಬ್ಲು. ನಗುನೂ ಇಲ್ಲ ಆಯಮ್ಮನ ಮಖದಲ್ಲಿ. ಒಂದು ಗಂಟೆ ಪ್ರಶ್ನೆ ಕೇಳಿದ್ರು. ಆಮೇಲೆ ಒಂದು ಬಿಳೀ ಆಳೆ ತಗೊಂಡು ಕನ್ನಡದಲ್ಲಿ ಬರ್ದ್ರು. ಫೀಜು ಇಷ್ಟು. ಮೂರು ಕಂತು. ಕೋರ್ಟಿನ ಖರ್ಚು ಬೇರೆ, ಅದಕ್ಕೆ ರಸೀದಿ ಕೊಡ್ತೀನಿ. ಡೇಟಿನ ದಿನ ಏನಾಯ್ತು ಅಂತ ಸಾಯಂಕಾಲ ಫೋನ್ ಮಾಡಿ ಏಳ್ತೀನಿ. ಕೋರ್ಟಿಗೆ ಕೊಡೋ ಪ್ರತಿ ಕಾಗದಕ್ಕೂ ನಿಮ್ಗೊಂದು ಪ್ರತಿ. ಗೆದ್ರೂ ಇಷ್ಟೇ ಫೀಜು, ಸೋತ್ರೂ ಇಷ್ಟೇ. ಮನೇಗ್ತಗೊಂಡೋಗಿ ಓದಿ, ಒಪ್ಪಿಗೆ ಆದ್ರೆ ನಿಮ್ಮೆಜಮಾನ್ರ ಕೈಲಿ ಸೈನ್ ಆಕ್ಸ್ಕೊಂಡು ಬನ್ನಿ, ಇಲ್ಲದಿದ್ರೆ ಬರ್ಬೇಡಿ ಅಂದ್ರು. ನಾನು ಅಲ್ಲೇ ನಿಂತು ಮೂರು ಸಲ ಓದ್ದೆ. ಓದಿ ಕೇಳ್ದೆ, ಲಾಯರಮ್ಮ, ಸೋತ್ರೂ ಅಷ್ಟೇ ಗೆದ್ರೂ ಅಷ್ಟೇ ಅಂದ್ರೆ, ಗೆಲ್ಸೋ ಆಸೆ ನಿಮ್ಗೆ ಯಾಕಿರ್ತದೆ? ಆಯಮ್ಮ ಕೋಪ ಮಾಡ್ಕೊಳ್ನಿಲ್ಲ. "ಒಳ್ಳೇ ಪ್ರಶ್ನೆ" ಅಂದ್ರು. "ನಾನು ಪಾಲು ತಗೊಂಡರೆ ನಿಮ್ಮ ಲಾಯರ್ ಆಗಿರಲ್ಲ, ಪಾಲುದಾರಳಾಗ್ತೀನಿ. ಬೇಗ ನನ್ನ ಪಾಲು ಕೈಗೆ ಬರಲಿ ಅಂತ ಕಂಪ್ನಿಯೋರು ಕಡಿಮೆಗೆ ಮಾತಾಡಿದರೂ ಒಪ್ಪಿಸಿಬಿಡ್ತೀನಿ. ಕಾಲು ಮುರಿದಿರೋದು ನಿಮ್ಮ ಯಜಮಾನರದ್ದು, ನಂದಲ್ಲ. ನಾನು ಕೆಲಸ ಮಾಡ್ತೀನಿ, ಕೂಲಿ ತಗೋತೀನಿ, ಅಷ್ಟೇ." ಆ ಕೂಲಿ ಅನ್ನೋ ಮಾತು ನಂಗೆ ಇಡಿಸ್ತು.

ಇನ್ನು ಆ ಅಳೇ ಲಾಯರ್ರು ಬುಡ್ಬೇಕಲ್ಲ. ನಮ್ಮ ಅಭ್ಯಂತರ ಇಲ್ಲ ಅಂತ ಒಂದು ಸೈನ್ ಕೊಟ್ರೆ ಮುಗೀತಿತ್ತು, ಕೊಡ್ನಿಲ್ಲ. ಫೈಲೂ ಕೊಡ್ನಿಲ್ಲ. ಸುಮಿತ್ರಮ್ಮ ಕೋರ್ಟಿಗೇ ಅರ್ಜಿ ಆಕಿದ್ರು, ಲಾಯರ್ ಬದ್ಲಾಯ್ಸೋಕೆ ಅಪ್ಪಣೆ ಕೊಡಿ, ಕಾಗದ ವಾಪಸ್ ಕೊಡ್ಸಿ ಅಂತ. ಕೇಸು ಚನ್ನರಾಯಪಟ್ಟಣದ ಕೋರ್ಟಲ್ಲಿತ್ತು. ಅವತ್ತು ನಿಮ್ಮ ತಾತನೂ ಬರ್ಬೇಕು ಅಂದ್ರು, ಕೇಸು ಅವ್ರ ಎಸ್ರಲ್ಲಿತ್ತಲ್ಲ. ನಾವಿಬ್ರೂ ಬೆಳಗ್ಗೇನೆ ಅಲ್ಲಿಗೋದ್ವಿ. ನಾನು ನೀರು ಕುಡ್ಕೊಂಡು ಬರಾಣ ಅಂತ ಕ್ಯಾಂಟೀನಿನ ಕಡೆ ಓದ್ರೆ, ಅಲ್ಲೇನು ನೋಡ್ತೀನಿ, ನಮ್ಮ ಸುಮಿತ್ರಮ್ಮ ಆ ಅಳೇ ಲಾಯರ್ ಜೊತೇಲಿ ನಿಂತವ್ರೆ. ಮಾತಾಡ್ತಾವ್ರೆ. ಆವಯ್ಯ ಏನೋ ಅಂದ್ರು, ಆಯಮ್ಮ ನಕ್ಕ್ರು. ನನ್ನ ಮುಂದೆ ಒಂದಿನ ನಗದ ಆಯಮ್ಮ ನಕ್ಕ್ರು ಕಣ್ರವ್ವ. ಇವ್ರೆಲ್ಲ ಒಂದೇ, ಕರೀ ಕೋಟಿನ ಒಳಗೆ ಎಲ್ಲಾ ಒಂದೇ, ನಲ್ವತ್ತನ್ನ ಇಬ್ರೂ ಅಂಚ್ಕೋತಾರೆ. ವಾಪಸ್ ಬಂದು ನಿಮ್ಮ ತಾತಂಗೆ, ಏಳಿ, ಮನೇಗೋಗಾಣ ಅಂದೆ. ಅವ್ರು ನನ್ನ ಮಖ ನೋಡಿದ್ರು. ಯಾಕೆ ಅಂದ್ರು. ಏಳ್ದೆ. ಆವಾಗ ನಿಮ್ಮ ತಾತ, ಆ ಎಲ್ಲಾರ್ನೂ ನಂಬೋ ಮನ್ಸ, ಒಂದು ಮಾತಂದ್ರು. "ಓಗಿ ಕೇಳೇ. ನನ್ನ ಕೇಳಿದಂಗೆ ಆಯಮ್ಮನ್ನೂ ಕೇಳು. ನನ್ನ ಮಾತ್ರ ಜೋರು ಮಾಡ್ತೀಯ."

ಆಯಮ್ಮನತ್ರಕ್ಕೋದೆ. ಅವ್ರತ್ರ ಏನು ಮಾತು ಲಾಯರಮ್ಮ, ಅಂದೆ ನೇರವಾಗಿ. ಸುಮಿತ್ರಮ್ಮ ಏಳಿದ್ರು, "ಫೈಲು ಮರ್ಯಾದೆಯಿಂದ ಕೊಟ್ಟುಬಿಡಿ ಸರ್, ಜಡ್ಜ್ ಮುಂದೆ ಹೇಳಿಸ್ಕೋಬೇಡಿ ಅಂದೆ. ಅದಕ್ಕವರು, ಆ ಹೆಂಗಸು ಏಳನೇ ಕ್ಲಾಸು, ನಿಮಗೂ ಒಂದಿನ ಪಾಠ ಮಾಡ್ತಾಳೆ ಅಂದರು. ನಗು ಬಂತು. ಆಗಲೇ ಮಾಡಿದಾಳೆ ಅಂದೆ." "ನೀವು ಕೇಳಿದ್ದು ಒಳ್ಳೇದಾಯ್ತು ಗೌರಮ್ಮ" ಅಂದ್ರು, "ಕೇಳದೆ ಎದ್ದು ಹೋಗಿದ್ದರೆ ನನಗೂ ಗೊತ್ತಾಗ್ತಿರಲಿಲ್ಲ, ನಿಮಗೂ ಗೊತ್ತಾಗ್ತಿರಲಿಲ್ಲ." ನಂಬ್ದ್ನಾ? ಅರ್ಧ ನಂಬ್ದೆ. ಸುಳ್ಳೇಳ್ಬ್ಯಾಡ ಅಂದ್ರೆ, ಕಾಲು ಭಾಗ ನಂಬ್ದೆ.

ಒಳಗೆ ಕೂಗಿದ್ರು. ಆ ದೊಡ್ಡ ಲಾಯರ್ರು ಎದ್ದು ಇಂಗ್ಲಿಷಲ್ಲಿ ಬಾಳ ಏಳಿದ್ರು. ಜಡ್ಜು ಸಾಹೇಬ್ರು ನಿಮ್ಮ ತಾತನ್ನ ಮುಂದಕ್ಕೆ ಕರುದ್ರು. ಕೋಲೂರ್ಕೊಂಡು ಓದ್ರು. "ನೀವೇ ಹೇಳಿ, ನಿಮಗೆ ಲಾಯರ್ ಬದಲಾಯಿಸಬೇಕಾ? ಯಾರಾದರೂ ಒತ್ತಾಯ ಮಾಡಿದಾರಾ?" ನಾನು ಇಂದೆ ನಿಂತು ನೋಡ್ತಾ ಇವ್ನಿ. ಬಾಗ್ಲಲ್ಲಿ ರಾಜಣ್ಣ, ಅದೇ ಬಿಳೀ ಸಲ್ಟು, ನಿಮ್ಮ ತಾತನ ಕಡೆ ನೋಡಿ ತಲೆ ಆಡುಸ್ತಾವ್ನೆ, ನಮ್ಮೋರಲ್ವಾ ಅನ್ನಂಗೆ. ನಿಮ್ಮ ತಾತ ಅವ್ನ ಕಡೆ ನೋಡಿದ್ರು. ಓಯ್ತು, ಎಳನೀರು ಗ್ಯಾಪ್ಕ ಬಂತು ಇವ್ರಿಗೆ ಅನ್ಕೊಂಡೆ. ಆಮೇಲೆ ಜಡ್ಜು ಕಡೆ ತಿರುಗಿ ಏಳಿದ್ರು. "ಸಾ, ಮರ ಅತ್ತೋವಾಗ ಅಗ್ಗನ ನಾನೇ ಎಳ್ದು ನೋಡಿ ಕಟ್ಕೋತಿದ್ದೆ. ಇನ್ನೊಬ್ರು ಕಟ್ಟಿದ್ದನ್ನ ನಂಬ್ತಿರ್ನಿಲ್ಲ. ಈ ಕಾಗದ ಮಾತ್ರ ನೋಡ್ದೆ ಸೈನ್ ಆಕ್ಬುಟ್ಟೆ. ಅದರಲ್ಲಿ ಏನೂ ಬರ್ದಿರ್ನಿಲ್ಲ ಸಾ. ಬದ್ಲಾಯ್ಸ್ಕೊಡಿ." ಜಡ್ಜು ಬರ್ಕೊಂಡ್ರು. ಬದ್ಲಾಯ್ಸೋಕೆ ಅಪ್ಪಣೆ ಕೊಟ್ರು, ಎಲ್ಲಾ ಕಾಗದ ಮುಂದಿನ ಡೇಟಿನೊಳಗೆ ವಾಪಸ್ ಕೊಡ್ಬೇಕು ಅಂದ್ರು.

ಕೊಟ್ರು, ಎಲ್ಲಾ ಕೊಡ್ನಿಲ್ಲ. ಆಸ್ಪತ್ರೆಯ ಎರಡು ಬಿಲ್ಲು ಇರ್ನಿಲ್ಲ, ಹಾಸನಕ್ಕೆ ನಾಕು ಸಲ ಅಲೆದಾಡಿ ನಕಲು ಮಾಡ್ಸಿದೆ. ಕೇಸು ಮತ್ತೊಂದು ವರ್ಷ ಎಳೀತು. ಡಾಕ್ಟ್ರು ಬಂದು ಸಾಕ್ಷಿ ಏಳಿದ್ರು, ಈ ಮನ್ಸ ಇನ್ನು ಮರ ಅತ್ತಂಗಿಲ್ಲ ಅಂತ. ಕಡೀಗೆ ತೀರ್ಪಾಯ್ತು, ಪರಿಹಾರ ನಿಮ್ಮ ತಾತನ ಎಸ್ರಿಗೇ ಬಂತು, ಸ್ವಲ್ಪ ಭಾಗ ಬ್ಯಾಂಕಲ್ಲೇ ಇಡ್ಬೇಕು ಅಂತ ಕೋರ್ಟೇ ಏಳ್ತು. ನಾನು ಅನ್ಕೊಂಡಷ್ಟು ಬರ್ನಿಲ್ಲ, ನಿಮ್ಮ ತಾತ ಅನ್ಕೊಂಡಿದ್ದಕ್ಕಿಂತ ಎಚ್ಚೇ ಬಂತು. ಆ ನಲ್ವತ್ತರ ಕಾಗದದ ಮೇಲೆ ಲಾಯರ್ಗಳ ಪರಿಷತ್ತಿಗೆ ದೂರು ಕೊಡ್ಬೋದು ಅಂದ್ರು ಸುಮಿತ್ರಮ್ಮ. ನಿಮ್ಮ ತಾತ, ಬುಡೇ, ಆಗಿದ್ದಾಯ್ತು ಅಂದ್ರು. ನಾನು ಬುಡ್ನಿಲ್ಲ, ನನ್ನ ಕೈಬರಹದಲ್ಲೇ ಎರಡು ಪುಟ ಬರ್ದು ಕಳಿಸ್ದೆ. ಅಲ್ಲಿ ಏನಾಯ್ತು ಅಂತ ಪೂರ್ತಿ ಗೊತ್ತಿಲ್ಲ, ಒಂದು ಕಾಗದ ಬಂತು, ವಿಚಾರಣೆ ಮಾಡ್ತೀವಿ ಅಂತ. ಆದ್ರೆ ನಾನು ದೂರು ಕಳಿಸಿ ಒಂದು ತಿಂಗ್ಳಿಗೆ ಆ ಛಾಪಾ ಕಾಗದ ಅಂಚೇಲಿ ಮನೆ ಬಾಗ್ಲಿಗೆ ಬಂತು, ಜೊತೇಲಿ ಒಂದಕ್ಷರ ಇಲ್ಲ. ನಾನೇ ಒಲೆಗಾಕ್ದೆ. ಆಕೋಕ್ ಮುಂಚೆ ಜೆರಾಕ್ಸ್ ಮಾಡ್ಸಿಟ್ಕೊಂಡೆ ಅನ್ನಿ.

ಸುಮಿತ್ರಮ್ಮಂಗೆ ಕಡೇ ಕಂತು ಕೊಡಕ್ಕೋದಾಗ ರಸೀದಿ ಕೊಟ್ರು. ನಾನು ಅಲ್ಲೇ ನಿಂತು ಓದ್ದೆ, ಮೇಲಿಂದ ಕೆಳಗ್ವರ್ಗೂ. ಅಷ್ಟೆಲ್ಲ ಮಾಡ್ಕೊಟ್ಟೋರ ಮುಂದೆ ಅಂಗೆ ನಿಂತು ಓದ್ಬಾರ್ದಿತ್ತೇನೋ ಅಂತ ಈಗ ಅನ್ನಿಸ್ತದೆ, ಆವತ್ತು ಅನ್ನಿಸ್ನಿಲ್ಲ. ಆಯಮ್ಮ ಕುರ್ಚೀಲಿ ಒರಗಿ ಕೂತು ಕಾದ್ರು, ಪೂರ್ತಿ ಓದೋವರ್ಗೂ. ಎಲ್ಲಾ ಸರಿ ಇದ್ಯಾ ಅಂದ್ರು. ತಾರೀಖು ಆಕಿಲ್ಲ ಅಂದೆ. ಇಸ್ಕೊಂಡು ಆಕ್ಕೊಟ್ರು.

ಅದುಕ್ಕೇ ಏಳ್ತೀನಿ ಕೇಳ್ರವ್ವ. ಅನುಮಾನ ಪಡೋದು ತಪ್ಪಲ್ಲ, ಅದನ್ನ ಬಾಯಿ ಬುಟ್ಟು ಕೇಳ್ದೆ ಒಟ್ಟೇಲಿ ಇಟ್ಕೊಳ್ಳೋದು ತಪ್ಪು. ಲಾಯರಾಗ್ಲಿ ಡಾಕ್ಟ್ರಾಗ್ಲಿ ಮನೆ ಕಟ್ಟೋ ಮೇಸ್ತ್ರಿಯಾಗ್ಲಿ, ಎಷ್ಟಾಯ್ತದೆ, ಏನೇನು ಮಾಡ್ಕೊಡ್ತೀರಿ, ಬರ್ದುಕೊಡಿ ಅಂತ ಕೇಳಿ. ಕೇಳಿದ್ದಕ್ಕೆ ಕೋಪ ಮಾಡ್ಕೊಂಡ್ರೆ ಅಲ್ಲಿ ಕೂರ್ಬ್ಯಾಡಿ, ಚಪ್ಲಿ ಮೆಟ್ಕೊಂಡು ಎದ್ದು ಬನ್ನಿ.